ಕೊಂಬಿನ ತುದಿಗೆ ಕಣ್ಣು: ನೆಲದ ಬಸವನಹುಳುಗಳ ವಂಶಾವಳಿ

ಮಳೆ ಹಿಡಿದು ನಾಲ್ಕು ದಿನವಾಗಿತ್ತು. ಬೆಳಿಗ್ಗೆ ಬಚ್ಚಲ ಹಿಂದೆ ಹೋದಾಗ ಹತ್ತು ಮಾರಿನೊಳಗೆ ಮೂರು ಪ್ರಾಣಿ ಸಿಕ್ಕವು. ಪಪ್ಪಾಯಿ ಕಾಂಡಕ್ಕೆ ಅಂಟಿಕೊಂಡಿದ್ದದ್ದು ಕಂದು ಪಟ್ಟೆಯ ದಪ್ಪ ಶಂಖದ ಹುಳು, ಮುಷ್ಟಿಯಷ್ಟು ದೊಡ್ಡದು. ಬಟ್ಟೆ ಒಗೆಯುವ ಕಲ್ಲಿನ ಅಂಚಿನಲ್ಲಿ ಚಿಪ್ಪೇ ಇಲ್ಲದ, ಬೆರಳುದ್ದದ, ಚರ್ಮದ ಚಪ್ಪಲಿಯ ತುಂಡಿನಂಥ ಕಪ್ಪು ಹುಳು. ಮೂರನೆಯದು ಸಿಕ್ಕಿದ್ದು ಸೊಪ್ಪಿನ ಬೆಟ್ಟದ ಕಡೆಯ ಕಲ್ಲುಕಟ್ಟಣೆಯ ಸಂದಿಯಲ್ಲಿ, ತರಗೆಲೆ ಸರಿಸಿದ ಮೇಲೆ. ರೂಪಾಯಿ ನಾಣ್ಯಕ್ಕಿಂತ ತುಸು ಅಗಲದ ದುಂಡು ಚಿಪ್ಪು. ಎತ್ತಿಕೊಂಡದ್ದೇ ತಡ, ಒಳಗೆ ಸರಿದು ಬಾಗಿಲು ಹಾಕಿಕೊಂಡಿತು. ಉಗುರಿನಂಥ ವಸ್ತುವಿನಿಂದಾದ, ಸುರುಳಿ ಗೆರೆಗಳಿರುವ ದುಂಡನೆಯ ಬಿಲ್ಲೆ ಅದು, ಚಿಪ್ಪಿನ ಬಾಯಿಗೆ ಅಳತೆ ತೆಗೆದು ಮಾಡಿಸಿದಂತೆ ಕೂರುತ್ತದೆ.

"ಅದನ್ನೇನು ಹಿಡಿದು ನೋಡ್ತೀಯ ಮಾರಾಯ, ಉಪ್ಪಿನ ನೀರಿಗೆ ಹಾಕು" ಎಂದರು ಅಮ್ಮ ಒಳಗಿನಿಂದ. ಅವರ ಲೆಕ್ಕದಲ್ಲಿ ಮೂರೂ ಒಂದೇ: ಲೋಳೆ ಬಿಡುವ, ಎಳೆ ಸಸಿ ತಿನ್ನುವ ಹುಳು. ಹೊರಗಿನಿಂದ ನೋಡಿದರೆ ಅವರ ಮಾತು ಸರಿಯೇ. ಮೂರೂ ನೆಲದ ಮೇಲೆ ಬದುಕುತ್ತವೆ, ಮೂರೂ ಗಾಳಿಯನ್ನೇ ಉಸಿರಾಡುತ್ತವೆ. ಆದರೆ ವಂಶಾವಳಿ ಬಿಡಿಸಿದರೆ ಕಥೆ ಬೇರೆ. ಮೊದಲೆರಡು ದೂರದ ದಾಯಾದಿಗಳು. ಬಾಗಿಲಿನ ಹುಳು ಅವುಗಳಿಗೆ ನೆಂಟನೆನ್ನಲಾಗದಷ್ಟು ದೂರ. ಪಪ್ಪಾಯಿ ಮೇಲಿನ ಹುಳುವಿಗೆ ಸಮುದ್ರದ ತಳದಲ್ಲಿ ತೆವಳುವ ಬಣ್ಣಬಣ್ಣದ ಚಿಪ್ಪಿಲ್ಲದ ಕಡಲಹುಳುಗಳೇ ಇದಕ್ಕಿಂತ ಹತ್ತಿರ. ಬಾಗಿಲಿನ ಹುಳುವಿನ ಕುಲಬಾಂಧವರು ಯಾರೆಂದರೆ ದೇವರ ಕೋಣೆಯ ಶಂಖ ಮತ್ತು ಚೌಕಾಬಾರದ ಕವಡೆ. ನಾವು ತೋಟದ ಪಿಡುಗಿಗೆ ಶಂಖದ ಹುಳು ಎಂದು ಹೆಸರಿಟ್ಟೆವು. ಶಂಖದ ಖಾಸಾ ಬಳಗದ್ದು ತರಗೆಲೆಯ ಕೆಳಗೆ ಯಾರ ಕಣ್ಣಿಗೂ ಬೀಳದೆ ಕೂತಿದೆ.

ಗಾಳಿ ಉಸಿರಾಡುವ ಬಸವನಹುಳು ಎಂದರೆ ಒಂದು ಮನೆತನ ಅಂದುಕೊಳ್ಳುವುದೇ ತಪ್ಪು. ಅದು ಒಂದು ಕಸುಬು. ಉದರಪಾದಿಗಳು, ಅಂದರೆ ಹೊಟ್ಟೆಯನ್ನೇ ಪಾದ ಮಾಡಿಕೊಂಡು ತೆವಳುವ ಮೃದ್ವಂಗಿಗಳು, ಮೂಲತಃ ನೀರಿನವು. ಅವುಗಳಲ್ಲಿ ಬೇರೆ ಬೇರೆ ಕವಲುಗಳು ಬೇರೆ ಬೇರೆ ಕಾಲದಲ್ಲಿ, ಕಡಿಮೆಯೆಂದರೂ ಹತ್ತು ಸಲ, ನೀರು ಬಿಟ್ಟು ನೆಲ ಹತ್ತಿವೆ. ಪ್ರತಿ ಸಲವೂ ಕಿವಿರು ಬಿಟ್ಟು ಗಾಳಿಗೆ ಒಗ್ಗಿಕೊಳ್ಳುವ ಉಪಾಯವನ್ನು ಹೊಸದಾಗಿ ಕಂಡುಕೊಂಡಿವೆ.

ಬೇರ್ಪಡಿಸಲು ಮೊದಲ ಗುರುತು ನಮ್ಮ ಭಾಷೆಯಲ್ಲೇ ಇದೆ. ಕೊಂಬಿದೆ ಎಂಬ ಕಾರಣಕ್ಕೇ ತಾನೆ ಈ ಹುಳುವಿಗೆ ಬಸವನ ಹೆಸರು ಬಂದದ್ದು. ಆ ಕೊಂಬನ್ನು ಸ್ವಲ್ಪ ಹತ್ತಿರದಿಂದ ನೋಡಿ. ಪಪ್ಪಾಯಿ ಮೇಲಿನ ದೊಡ್ಡ ಹುಳುವಿಗೆ ಎರಡು ಜೊತೆ ಕೊಂಬು: ಕೆಳಗಿನ ಗಿಡ್ಡ ಜೊತೆ ವಾಸನೆ, ಸ್ಪರ್ಶಕ್ಕೆ, ಮೇಲಿನ ಉದ್ದ ಜೊತೆಯ ತುದಿಯಲ್ಲಿ ಸಾಸಿವೆಗಿಂತ ಸಣ್ಣ ಕಪ್ಪು ಕಣ್ಣು. ಹುಲ್ಲುಕಡ್ಡಿಯಿಂದ ಮುಟ್ಟಿದರೆ ಕಣ್ಣು ಕೊಂಬಿನೊಳಗೇ ಕೆಳಕ್ಕಿಳಿಯುತ್ತದೆ. ಅಂಗಿಯ ತೋಳನ್ನು ಒಳಗಿನಿಂದ ಎಳೆದಾಗ ಅದು ತಿರುವುಮುರುವಾಗುತ್ತದಲ್ಲ, ಹಾಗೆ. ಈ ಲಕ್ಷಣವುಳ್ಳ ಗುಂಪಿಗೆ ಸ್ಟೈಲೋಮ್ಯಾಟೊಫೊರಾ ಎಂದು ಹೆಸರು. ಗ್ರೀಕ್ ಪದವನ್ನು ಬಿಡಿಸಿದರೆ ಕಂಬದ ಮೇಲೆ ಕಣ್ಣು ಹೊತ್ತದ್ದು ಎಂದೇ ಅರ್ಥ. ಜಗತ್ತಿನಲ್ಲಿ ಇದುವರೆಗೆ ಹೆಸರಿಟ್ಟ ನೆಲದ ಮೃದ್ವಂಗಿಗಳು ಸುಮಾರು 24,000 ಪ್ರಭೇದ ಎಂದು 2004ರ ಒಂದು ಲೆಕ್ಕ ಹೇಳಿತ್ತು. ಅದರಲ್ಲಿ ಸಿಂಹಪಾಲು ಈ ಕಂಬದ ಕಣ್ಣಿನವೇ.

ಕಪ್ಪು ಹುಳುವಿನ ಕೊಂಬಿನ ತುದಿಯಲ್ಲೂ ಕಣ್ಣಿದೆ. ಆದರೆ ಮುಟ್ಟಿದರೆ ತಿರುವುಮುರುವಾಗುವುದಿಲ್ಲ, ಸುಮ್ಮನೆ ಮುದುರುತ್ತದೆ. ಇಷ್ಟು ಸಣ್ಣ ವ್ಯತ್ಯಾಸಕ್ಕೆ ಬೇರೆ ಗುಂಪೇ ಎಂದು ನಗಬೇಡಿ, ಅದರ ಹಿಂದೆ ಉಳಿದದ್ದೂ ಬೇರೆಯೇ. ಇದರ ಗುದದ್ವಾರ ಮೈಯ ಹಿಂತುದಿಯಲ್ಲಿದೆ, ಒಳಗೂ ಹೊರಗೂ ಚಿಪ್ಪಿನ ಕುರುಹಿಲ್ಲ. ಆಫ್ರಿಕಾದ ಉಷ್ಣವಲಯದಿಂದ ಹರಡಿದ ಲೇವಿಕಾಲಿಸ್ ಆಲ್ಟೆ ಇದು, ಬೆಂಗಳೂರಿನ ಹೂಕುಂಡದ ಅಡಿಯಲ್ಲೂ ಸಿಗುತ್ತದೆ. ಇದರ ಹತ್ತಿರದ ಸಂಬಂಧಿಗಳು ಕರಾವಳಿಯ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಕೆಸರಿನಲ್ಲಿ, ಇಳಿತದ ಹೊತ್ತಿನಲ್ಲಿ ಹೊರಬರುವ ಓಂಕಿಡಿಡ್ ಹುಳುಗಳು. ಅವುಗಳಲ್ಲಿ ಹಲವಕ್ಕೆ ಬೆನ್ನ ಮೇಲೂ ಕಣ್ಣುಗಳಿವೆ.

ಬಾಗಿಲಿನ ಹುಳುವಿಗೆ ಒಂದೇ ಜೊತೆ ಕೊಂಬು, ಕಣ್ಣು ಕೊಂಬಿನ ಬುಡದಲ್ಲಿ. ಸೈಕ್ಲೋಫೊರಿಡೇ ಕುಟುಂಬ ಇದರದ್ದು. ಇದರಲ್ಲಿ ಗಂಡು ಬೇರೆ, ಹೆಣ್ಣು ಬೇರೆ. ಮೊದಲಿನ ಎರಡರಲ್ಲಿ ಪ್ರತಿಯೊಂದೂ ಗಂಡೂ ಹೌದು, ಹೆಣ್ಣೂ ಹೌದು.

ಇನ್ನು ಉಸಿರಾಟ. ದೊಡ್ಡ ಹುಳುವನ್ನು ಗಾಜಿನ ಬಾಟಲಿಯ ಮೇಲೆ ಬಿಟ್ಟು ಚಿಪ್ಪಿನ ಅಂಚಿನ ಬಲಮಗ್ಗುಲನ್ನೇ ನೋಡುತ್ತಿದ್ದರೆ, ತುಸು ಹೊತ್ತಿಗೆ ಅಲ್ಲೊಂದು ದುಂಡು ತೂತು ತೆರೆದುಕೊಳ್ಳುತ್ತದೆ, ಮತ್ತೆ ಮುಚ್ಚುತ್ತದೆ. ಅದೇ ಶ್ವಾಸರಂಧ್ರ. ಅದರೊಳಗೆ ಮ್ಯಾಂಟಲ್ ಎಂಬ ಹೊದಿಕೆಯ ಕೆಳಗೊಂದು ಪೊಟರೆಯಿದೆ. ನೀರಿನಲ್ಲಿದ್ದ ಪೂರ್ವಜರು ಕಿವಿರು ಇಟ್ಟುಕೊಂಡಿದ್ದ ಜಾಗ ಅದು. ಕಿವಿರು ಹೋಯಿತು, ಪೊಟರೆಯ ಮೇಲ್ಛಾವಣಿಯ ತುಂಬ ಬೇರಿನ ಜಾಲದಂತೆ ರಕ್ತನಾಳ ಹಬ್ಬಿತು, ಬಾಯಿ ಕಿರಿದಾಗಿ ಬೇಕಾದಾಗ ಮುಚ್ಚಬಲ್ಲ ರಂಧ್ರವಾಯಿತು, ಪೊಟರೆಯೇ ಶ್ವಾಸಕೋಶವಾಯಿತು. ಮುಚ್ಚಬಲ್ಲದು ಎನ್ನುವುದೇ ಇಲ್ಲಿ ದೊಡ್ಡ ವಿಷಯ. ನೆಲದ ಮೇಲೆ ಈ ಪ್ರಾಣಿಗೆ ಗಾಳಿಯ ಬರವಿಲ್ಲ, ಇರುವುದು ನೀರಿನ ಬರ. ರಂಧ್ರ ತೆರೆದಷ್ಟೂ ಮೈಯ ಪಸೆ ಆರುತ್ತದೆ.

ಕಪ್ಪು ಹುಳುವಿನಲ್ಲಿ ಈ ತೂತು ಹುಡುಕಿದರೆ ಸಿಗುವುದಿಲ್ಲ. ಅದು ತೇವದ ಚರ್ಮದಿಂದಲೇ ಉಸಿರಾಡಿಕೊಳ್ಳುತ್ತದೆ. ಬಾಗಿಲಿನ ಹುಳುವಿನಲ್ಲೂ ಇಲ್ಲ. ಅದು ಕಿವಿರು ಕಳೆದುಕೊಂಡ ಪೊಟರೆಯನ್ನು ಹಾಗೇ ಅಗಲವಾಗಿ ತೆರೆದಿಟ್ಟುಕೊಂಡಿದೆ. ಹಾಗಾದರೆ ಬಾಗಿಲು ಹಾಕಿಕೊಂಡಾಗ ಗಾಳಿ ಎಲ್ಲಿಂದ? ಇದೇ ಬಳಗದ ಟೆರೊಸೈಕ್ಲೋಸ್‌ ಕುಲದ ಹುಳುಗಳ ಚಿಪ್ಪಿನ ಬಾಯಿಯ ಮೇಲಂಚಿನಲ್ಲಿ ಒಂದು ಕಚ್ಚು ಇದೆ, ಅಡುಗೆಮನೆಯ ಬೆಳಕಿಂಡಿಯ ಹಾಗೆ. ಆಲಿಸಿಯಸ್ ಬಳಗದವು ಇನ್ನೂ ಜಾಣ: ಚಿಪ್ಪಿನ ಹೊರಮೈ ಮೇಲೆ ಸೂಜಿಗಿಂತ ಸಣ್ಣ ಕೊಳವೆಯೊಂದನ್ನು ಕಟ್ಟಿಕೊಂಡು, ಕದ ಮುಚ್ಚಿದ ಮೇಲೂ ಗಾಳಿಯಾಡುವಂತೆ ಮಾಡಿಕೊಂಡಿವೆ.

ಕಂಬದ ಕಣ್ಣಿನವಕ್ಕೆ ಇಂಥ ಬಾಗಿಲಿಲ್ಲ. ಬೇಸಿಗೆ ಬಂದರೆ ಅವು ಚಿಪ್ಪಿನ ಬಾಯಿಗೆ ಲೋಳೆಯ ಪರದೆ ಬಳಿದು ಒಣಗಿಸಿಕೊಳ್ಳುತ್ತವೆ, ಕೆಲವು ಅದಕ್ಕೆ ಸುಣ್ಣವನ್ನೂ ಬೆರೆಸುತ್ತವೆ. ಆ ಪರದೆಯ ಹಿಂದೆ ಎಷ್ಟು ದಿನ ಇರಬಲ್ಲವು ಎಂಬುದಕ್ಕೆ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನ ಕಥೆಯೊಂದಿದೆ. ಈಜಿಪ್ಟಿನ ಮರುಭೂಮಿಯ ಒಂದು ಬಸವನಹುಳುವನ್ನು ಸತ್ತಿದೆ ಎಂದುಕೊಂಡು 1846ರ ಮಾರ್ಚ್‌ನಲ್ಲಿ ರಟ್ಟಿಗೆ ಅಂಟಿಸಿ, ಹೆಸರು ಬರೆದು ಇಟ್ಟರು. 1850ರ ಮಾರ್ಚ್‌ನಲ್ಲಿ ನೋಡಿದರೆ ಹೊಸದಾಗಿ ಪರದೆ ಬಳಿದ ಗುರುತು. ಉಗುರುಬೆಚ್ಚಗಿನ ನೀರಿಗೆ ಹಾಕಿದರು, ಎದ್ದು ನಡೆಯಿತು.

ಈ ಶ್ವಾಸಕೋಶವನ್ನೇ ಹಿಡಿದು 19ನೇ ಶತಮಾನದ ಮೊದಲ ಭಾಗದಲ್ಲಿ ಫ್ರಾನ್ಸಿನ ಜಾರ್ಜ್ ಕುವಿಯೇ ಪಲ್ಮೊನೇಟಾ ಎಂಬ ಗುಂಪು ಮಾಡಿದ. ಶ್ವಾಸಕೋಶ ಇದ್ದರೆ ಒಳಗೆ, ಇಲ್ಲದಿದ್ದರೆ ಹೊರಗೆ. ಸರಳ ಲೆಕ್ಕ, ಸುಮಾರು ಇನ್ನೂರು ವರ್ಷ ಪಠ್ಯಪುಸ್ತಕಗಳಲ್ಲಿ ನಿಂತಿತು. ನಾವು ಕಾಲೇಜಿನಲ್ಲಿ ಉರು ಹೊಡೆದದ್ದೂ ಅದನ್ನೇ. ಅದರೊಳಗೆ ನೆಲದವು, ಲಿಮ್ನಿಯಾದಂತೆ ಕೆರೆಯಲ್ಲಿದ್ದೂ ಮೇಲೆ ಬಂದು ಗಾಳಿ ತುಂಬಿಕೊಳ್ಳುವವು, ಕಡಲ ಬಂಡೆಗೆ ಕಚ್ಚಿಕೊಂಡು ಅಲೆ ಹೊಡೆಸಿಕೊಳ್ಳುವ ಸೈಫೊನೇರಿಯಾ, ಎಲ್ಲವನ್ನೂ ಸೇರಿಸಿದ್ದರು. ಗದ್ದೆಯಲ್ಲಿ ಸಿಗುವ ದುಂಡನೆಯ ದೊಡ್ಡ ಪೈಲಾ ಹುಳುವಿಗೆ ಕಿವಿರೂ ಇದೆ, ಶ್ವಾಸಕೋಶವೂ ಇದೆ, ಬಾಗಿಲೂ ಇದೆ. ಅದನ್ನು ಹೊರಗಿಟ್ಟರು. ಅಲ್ಲಿಗೇ ಅನುಮಾನ ಬರಬೇಕಿತ್ತು. ಉಸಿರಾಟದ ಅಂಗ ಯಾವ ಮನೆಯಲ್ಲೂ ಹುಟ್ಟಬಹುದಾದರೆ ಅದನ್ನು ಕುಲದ ಗುರುತು ಎಂದು ಹೇಗೆ ನಂಬುವುದು?

ಡಿಎನ್‌ಎ ಓದಲು ಶುರುವಾದ ಮೇಲೆ ಅನುಮಾನ ನಿಜವಾಯಿತು. 2005ರಲ್ಲಿ ಬೂಶೆ ಮತ್ತು ರೊಕ್ರುವಾ ಇಡೀ ಉದರಪಾದಿಗಳ ವರ್ಗೀಕರಣವನ್ನು ಹೊಸದಾಗಿ ಬರೆದಾಗ ಪಲ್ಮೊನೇಟಾವನ್ನು ಅನೌಪಚಾರಿಕ ಗುಂಪಿನ ಮಟ್ಟಕ್ಕೆ ಇಳಿಸಿದರು. 2010ರಲ್ಲಿ ಕಾಥರೀನಾ ಯೋರ್ಗರ್ ಮತ್ತು ಸಂಗಡಿಗರು ಮಾಡಿದ ವಂಶವೃಕ್ಷದಲ್ಲಿ ಶ್ವಾಸಕೋಶದವುಗಳ ನಡುವೆಯೇ ಶ್ವಾಸಕೋಶ ಇಲ್ಲದ ಕಡಲಹುಳುಗಳು ಬಂದು ಕೂತವು. ಪಾಚಿ ತಿಂದು ಅದರ ಹಸಿರುಕಣಗಳನ್ನು ತನ್ನ ಮೈಯಲ್ಲೇ ಇಟ್ಟುಕೊಳ್ಳುವ ಎಲಿಸಿಯಾದ ಬಳಗವೂ ಅದರಲ್ಲಿದೆ. ಅವರು ಆ ಹಿಗ್ಗಿದ ಗುಂಪಿಗೆ ಪ್ಯಾನ್‌ಪಲ್ಮೊನೇಟಾ ಎಂದು ಹೆಸರಿಟ್ಟರು. ಶ್ವಾಸಕೋಶವಿಲ್ಲದ ಪ್ರಾಣಿಗೂ ಶ್ವಾಸಕೋಶದ ಹೆಸರು! ವರ್ಗೀಕರಣದಲ್ಲಿ ಹೀಗಾಗುತ್ತದೆ, ಊರು ಬದಲಾದರೂ ಬಸ್‌ಸ್ಟಾಪಿನ ಹಳೇ ಹೆಸರು ಉಳಿದ ಹಾಗೆ.

ಚಿಪ್ಪನ್ನು ನೋಡಿ ಕುಲ ಹೇಳುವುದು ಇನ್ನೂ ಅಪಾಯದ ಕೆಲಸ. ಇದನ್ನು ಚೆನ್ನಾಗಿ ಅರಿತವನು ಹೆನ್ರಿ ಗಾಡ್ವಿನ್-ಆಸ್ಟೆನ್. ಕಾರಕೋರಂ ಹಿಮನದಿಗಳನ್ನು ಅಳೆದ ಸರ್ವೆಯರ್, ಕೆ-2 ಶಿಖರಕ್ಕೆ ಒಂದು ಕಾಲದಲ್ಲಿ ಇವನ ಹೆಸರೇ ಇತ್ತು. ಅದೇ ಮನುಷ್ಯ ಉಳಿದ ಆಯುಷ್ಯವನ್ನು ಭಾರತದ ಬಸವನಹುಳುಗಳ ಹೊಟ್ಟೆ ಬಗೆದು ಚಿತ್ರ ಬರೆಯುವುದರಲ್ಲಿ ಕಳೆದ. ಹೊರಗೆ ಒಂದೇ ಥರ ಕಾಣುವ ತೆಳು ಕಂದು ಚಿಪ್ಪುಗಳ ಒಳಗೆ ಜನನಾಂಗ ಬೇರೆ, ನಾಲಿಗೆಯ ಹಲ್ಲಿನ ಸಾಲು ಬೇರೆ. ಅವನೂ ಬ್ಲಾನ್‌ಫೋರ್ಡನೂ ಸೇರಿ ಬರೆದ ಬ್ರಿಟಿಷ್ ಭಾರತದ ಪ್ರಾಣಿಸಂಕುಲ ಮಾಲೆಯ ಮೃದ್ವಂಗಿ ಸಂಪುಟ 1908ರಲ್ಲಿ ಬಂತು. ಆಮೇಲೆ ಗೂಡ್ ಬರೆದ ಎರಡು ಸಂಪುಟ, 1914 ಮತ್ತು 1921ರಲ್ಲಿ. ಕೊನೆಯದು ಪೂರ್ತಿ ಬಾಗಿಲಿನ ಹುಳುಗಳಿಗೇ ಮೀಸಲು. ಅಂದರೆ ನೂರು ವರ್ಷದ ಹಿಂದೆಯೇ ಅವನ್ನು ಬೇರೆ ಪಂಕ್ತಿಯಲ್ಲಿ ಕೂರಿಸಿದ್ದರು.

ಕಂಬದ ಕಣ್ಣಿನವುಗಳ ಒಳಗಿನ ಪಾಲುಪಟ್ಟಿಗೆ ಅಮೆರಿಕದ ಹೆನ್ರಿ ಪಿಲ್ಸ್‌ಬ್ರಿ 1900ರಲ್ಲಿ ಮೂತ್ರಪಿಂಡದ ನಾಳ ಯಾವ ದಾರಿಯಲ್ಲಿ ಹೋಗುತ್ತದೆ ಎಂಬುದನ್ನು ಆಧಾರ ಮಾಡಿಕೊಂಡಿದ್ದ: ನೆಟ್ಟಗೆ ಹೋದವು ಒಂದು ಕಡೆ, ಎಸ್ ಅಕ್ಷರದಂತೆ ಬಳುಕಿದವು ಒಂದು ಕಡೆ. ಈ ಹಂಚಿಕೆ ಶತಮಾನ ನಡೆಯಿತು. 2001ರಲ್ಲಿ ವೇಡ್, ಮಾರ್ಡನ್ ಮತ್ತು ಕ್ಲಾರ್ಕ್ ರೈಬೋಸೋಮಿನ ಆರ್‌ಎನ್‌ಎ ಜೀನುಗಳನ್ನು ಹೋಲಿಸಿದಾಗ ಕಂಡದ್ದು ಬೇರೆ. ಇಡೀ ಗುಂಪು ಎರಡು ಹೋಳು: ಆಫ್ರಿಕಾದ ದೈತ್ಯನ, ಅಂದರೆ ಪಪ್ಪಾಯಿ ಮೇಲಿದ್ದ ಆ ದೊಡ್ಡ ಹುಳುವಿನ, ಕಡೆಯವು, ಮತ್ತು ಉಳಿದವು. ದೈತ್ಯನ ಕಡೆಯವರು ಯಾರು ಎಂದು ತಿಳಿಯಲು ಹೂಕುಂಡದ ಮಣ್ಣು ಕೆದಕಿ. ಅರ್ಧ ಮುರಿದ ಊದಿನಕಡ್ಡಿಯಂತೆ ಚೂಪಾದ, ಒಂದು ಸೆಂಟಿಮೀಟರ್ ಆಸುಪಾಸಿನ ಮಬ್ಬು ಹಳದಿ ಚಿಪ್ಪು ಸಿಕ್ಕರೆ ಅದು ಆಲೊಪಿಯಸ್; ಮುಷ್ಟಿಗಾತ್ರದ ದೈತ್ಯನ ಕುಟುಂಬದ್ದೇ.

ಪಶ್ಚಿಮ ಘಟ್ಟದಲ್ಲಿ ಇನ್ನೂರೈವತ್ತಕ್ಕೂ ಹೆಚ್ಚು ಪ್ರಭೇದಗಳಿವೆ, ಬಹುಪಾಲು ಬೇರೆಲ್ಲೂ ಇಲ್ಲದವು. ಉಡುಪಿಯ ಪೂರ್ಣಪ್ರಜ್ಞ ಕಾಲೇಜಿನಲ್ಲಿದ್ದ ಎನ್. ಎ. ಮಧ್ಯಸ್ಥ, ಬೆಂಗಳೂರಿನ ಏಟ್ರಿ ಸಂಸ್ಥೆಯ ಎನ್. ಎ. ಅರವಿಂದ್ ಮೊದಲಾದವರು ಮಳೆಗಾಲದಲ್ಲಿ ತರಗೆಲೆ ಜಾಲಿಸಿ ಇವನ್ನು ಲೆಕ್ಕ ಹಾಕಿದ್ದಾರೆ. ಇಲ್ಲಿನ ಮುಖ್ಯ ಮನೆತನ ಆರಿಯೊಫ್ಯಾಂಟಿಡೇ ಮತ್ತು ಅದರ ಆಸುಪಾಸಿನವು. ಇವುಗಳಲ್ಲಿ ಹಲವಕ್ಕೆ ಬಾಲದ ತುದಿಯಲ್ಲೂ ಒಂದು ಕೊಂಬು. ತೋಟಗಳಲ್ಲಿ ಸಾಮಾನ್ಯವಾದ ಮ್ಯಾಕ್ರೋಕ್ಲಾಮಿಸ್ ಇಂಡಿಕಾದ ಹಿಂಬದಿ ನೋಡಿ, ಲೋಳೆಗ್ರಂಥಿಯ ಮೇಲೆ ಆ ಚೂಪು ಮೊಳೆ ಕಾಣುತ್ತದೆ. ಮುಂದೆ ನಾಲ್ಕು, ಹಿಂದೆ ಒಂದು, ಒಟ್ಟು ಐದು ಕೊಂಬಿನ ಬಸವ.

ಆರಿಯೊಫ್ಯಾಂಟಾ ಲೇವಿಪೆಸ್‌ನ ಸುರುಳಿ ಎಡಕ್ಕೆ. ಇಲ್ಲೊಂದು ಗೊಂದಲ ಬಿಡಿಸಿಬಿಡಬೇಕು. ವಿಜ್ಞಾನಿಗಳು ಚಿಪ್ಪಿನ ತುದಿ ಮೇಲೆ ಮಾಡಿ, ಬಾಯಿ ತಮ್ಮ ಕಡೆ ತಿರುಗಿಸಿ ಹಿಡಿಯುತ್ತಾರೆ; ಬಾಯಿ ಬಲಕ್ಕೆ ಬಂದರೆ ಬಲಸುರುಳಿ. ಜಗತ್ತಿನ ಹೆಚ್ಚಿನ ಚಿಪ್ಪುಗಳು ಹಾಗೆಯೇ. ನಾವು ಶಂಖ ಹಿಡಿಯುವುದು ತಲೆಕೆಳಗು, ಕಿರಿದಾದ ನಾಳ ಮೇಲೆ ಮಾಡಿ. ಹಾಗಾಗಿ ಲಕ್ಷಕ್ಕೊಂದು ಎಂದು ಪೂಜಿಸುವ ಬಲಮುರಿ ಶಂಖ ವಿಜ್ಞಾನಿಗಳ ಪಟ್ಟಿಯಲ್ಲಿ ಎಡಸುರುಳಿ. ಎರಡೂ ಸರಿ, ಹಿಡಿಯುವ ಕ್ರಮವಷ್ಟೇ ಬೇರೆ. ಬಸವನಹುಳುವಿಗೆ ಮಾತ್ರ ಇದು ಬರೀ ಹೆಸರಿನ ಪ್ರಶ್ನೆಯಾಗಿ ಉಳಿಯುವುದಿಲ್ಲ. ಎಡಸುರುಳಿಯಲ್ಲಿ ಶ್ವಾಸರಂಧ್ರವೂ ಜನನದ್ವಾರವೂ ಎಡಮಗ್ಗುಲಿಗೆ ಹೋಗುವುದರಿಂದ ಬಲಸುರುಳಿಯದರ ಜೊತೆ ಕೂಡುವುದೇ ಕಷ್ಟ.

ಘಟ್ಟದ ರಾಣಿ ಎಂದು ನನ್ನ ಮಟ್ಟಿಗೆ ಇಂಡ್ರೆಲ್ಲಾ ಆಂಪುಲಾವನ್ನು ಕರೆಯುತ್ತೇನೆ. ಮೈ ಕಡುಕೆಂಪು, ಕಿತ್ತಳೆ, ಇಲ್ಲವೇ ಹಳದಿ. ಬೆನ್ನ ಮೇಲೆ ಗುಳ್ಳೆಯಂಥ ತೆಳು ಚಿಪ್ಪು, ಅದರೊಳಗೆ ಮೈ ಪೂರ್ತಿ ಹಿಡಿಯುವುದೇ ಇಲ್ಲ. ಕುಲದಲ್ಲಿ ಇದೊಂದೇ ಪ್ರಭೇದ, ಘಟ್ಟ ಬಿಟ್ಟರೆ ಎಲ್ಲೂ ಇಲ್ಲ. ಚಿಪ್ಪು ಕಳೆದುಕೊಳ್ಳುವ ದಾರಿಯಲ್ಲಿ ಅರ್ಧ ಬಂದು ನಿಂತ ಪ್ರಾಣಿ ಇದು. ಮರಿಯೆಲ್ಲಾ ಡುಸ್ಸುಮಿಯೇರಿ ಇನ್ನೂ ಮುಂದೆ ಹೋಗಿದೆ: ಚಿಪ್ಪು ಕೇವಲ ಒಂದು ಬಿಲ್ಲೆ, ಅದೂ ಬಹುಪಾಲು ಹೊದಿಕೆಯಡಿ. ಚಿಪ್ಪಿಲ್ಲದ ಹುಳುಗಳೆಲ್ಲ ಒಂದೇ ಜಾತಿ ಅಲ್ಲ ಎನ್ನುವುದಕ್ಕೆ ಇವೇ ಸಾಕ್ಷಿ. ಬೇರೆ ಬೇರೆ ಮನೆತನಗಳಲ್ಲಿ ಚಿಪ್ಪು ಸವೆದು ಸವೆದು ಹೋಗಿ ಹಾಗಾದವು. ಚಿಪ್ಪು ಕಟ್ಟಲು ಸುಣ್ಣ ಬೇಕು. ವರ್ಷಕ್ಕೆ ನೂರಾರು ಅಂಗುಲ ಮಳೆ ಸುರಿದು ಸುಣ್ಣವೆಲ್ಲ ತೊಳೆದುಹೋದ ಜಂಬಿಟ್ಟಿಗೆಯ ನೆಲದಲ್ಲಿ ಚಿಪ್ಪು ದುಬಾರಿ. ಪಸೆ ಆರದ ಕಾಡಿನಲ್ಲಿ ಅದರ ಅಗತ್ಯವೂ ಕಡಿಮೆ. ಮಲೇಷ್ಯಾದ ಸುಣ್ಣಕಲ್ಲಿನ ಗುಡ್ಡಗಳಲ್ಲಿ ಇದಕ್ಕೆ ತದ್ವಿರುದ್ಧ. ಅಲ್ಲಿ ಒಂದೊಂದು ಗುಡ್ಡಕ್ಕೂ ಒಂದೊಂದು ಪ್ರಭೇದ, ಚಿಪ್ಪಿನ ಮೇಲೆ ಮುಳ್ಳು, ರೆಕ್ಕೆ, ಕುಸುರಿ. ಅಂಥ ಒಂದು ಗುಡ್ಡವನ್ನು ಕಲ್ಲುಕ್ವಾರಿ ನುಂಗಿದಾಗ ಪ್ಲೆಕ್ಟೊಸ್ಟೋಮಾ ಸಯಾಫಿಲಮ್ ಎಂಬ ಪ್ರಭೇದವೇ ಮುಗಿದುಹೋಯಿತು.

ಪಪ್ಪಾಯಿ ಮೇಲಿನ ದೈತ್ಯನಿಗೆ ಸುಣ್ಣದ ಹಸಿವು ಎಷ್ಟೆಂದರೆ ಮನೆ ಗೋಡೆಗೆ ಬಳಿದ ಸುಣ್ಣವನ್ನೂ ಕೆರೆದು ತಿನ್ನುತ್ತದೆ. ಸಾವಿರಾರು ಸಣ್ಣ ಹಲ್ಲುಗಳಿರುವ ಅದರ ನಾಲಿಗೆ ಅರದ ಹಾಗೆ ಕೆಲಸ ಮಾಡುತ್ತದೆ. ಪೂರ್ವ ಆಫ್ರಿಕಾ ಮೂಲದ ಈ ಲಿಸ್ಸಾಕಟಿನಾ ಫ್ಯುಲಿಕಾ ಭಾರತಕ್ಕೆ ಬಂದದ್ದು ಆಕಸ್ಮಿಕವಾಗಿ ಅಲ್ಲ. 1847ರಲ್ಲಿ ಮಾರಿಷಸ್‌ನಿಂದ ತಂದು ಕಲ್ಕತ್ತೆಯ ಚೌರಿಂಗಿಯ ತೋಟವೊಂದರಲ್ಲಿ ಬಿಟ್ಟವನು ವಿಲಿಯಂ ಬೆನ್ಸನ್, ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ. ಇಂಡ್ರೆಲ್ಲಾಗೆ 1850ರಲ್ಲಿ ಆಂಪುಲಾ ಎಂದು ಹೆಸರಿಟ್ಟವನೂ ಇವನೇ. ಈ ದೇಶದ ಬಸವನಹುಳುಗಳನ್ನು ಜಗತ್ತಿಗೆ ಪರಿಚಯಿಸಿದ ಕೈಯೇ ಅವುಗಳ ನಡುವೆ ದೈತ್ಯನನ್ನೂ ಬಿಟ್ಟಿತು. ಒಂದು ಸಲಕ್ಕೆ ನೂರಕ್ಕೂ ಮೇಲೆ ಮೊಟ್ಟೆ ಇಡಬಲ್ಲ ಈ ಹುಳು ಈಗ ಅಡಿಕೆ, ಬಾಳೆ, ತರಕಾರಿ ಎಂದು ನೋಡದೆ ಮೇಯುತ್ತದೆ. ಇಲಿಯ ಶ್ವಾಸಕೋಶದ ಜಂತುವನ್ನೂ ಹೊತ್ತಿರಬಹುದಾದ್ದರಿಂದ ಬರಿಗೈಯಲ್ಲಿ ಮುಟ್ಟುವುದು ಬೇಡ.

ಇದನ್ನು ಹತೋಟಿಗೆ ತರುತ್ತೇವೆ ಎಂದು ಹೊರಟವರು ಮಾಡಿದ್ದು ಇನ್ನೂ ದೊಡ್ಡ ಅನಾಹುತ. ಬಸವನಹುಳು ಎಂದರೆ ಸೊಪ್ಪು ತಿನ್ನುವ ಸಾಧು ಎಂಬ ನಂಬಿಕೆ ಬಿಡಬೇಕು. ಬೇಟೆಗಾರ ಮನೆತನಗಳೂ ಇವೆ. ನಮ್ಮ ಘಟ್ಟದ ಸ್ಟ್ರೆಪ್ಟಾಕ್ಸಿಡೇ ಕುಟುಂಬದ ಪುಟ್ಟ ಹುಳುಗಳು ಇತರ ಬಸವನಹುಳುಗಳನ್ನೇ ತಿನ್ನುತ್ತವೆ, ಮತ್ತು ವಂಶವೃಕ್ಷದಲ್ಲಿ ಅವು ದೈತ್ಯನ ಕಡೆಯವೇ. ಫ್ಲಾರಿಡಾದ ಯೂಗ್ಲಾಂಡಿನಾ ರೋಸಿಯಾ ಇನ್ನೊಂದು ಹೋಳಿನದು, ಬೇಟೆಯನ್ನು ತಾನೇ ಬೇರೆಯಾಗಿ ಕಲಿತದ್ದು. ಮೀಸೆಯಂಥ ತುಟಿಗಳಿಂದ ಲೋಳೆಯ ಜಾಡು ಮೂಸಿಕೊಂಡು ಹಿಂಬಾಲಿಸುತ್ತದೆ. ದೈತ್ಯನನ್ನು ತಿನ್ನಲಿ ಎಂದು 1955ರಲ್ಲಿ ಅದನ್ನು ಹವಾಯಿಗೆ ತಂದರು. ಅದು ದೈತ್ಯನಿಗಿಂತ ಅಲ್ಲಿನ ಸ್ಥಳೀಯ ಪುಟ್ಟ ಹುಳುಗಳನ್ನೇ ಮೆಚ್ಚಿತು. ಹವಾಯಿಯಲ್ಲಿ 750ಕ್ಕೂ ಹೆಚ್ಚು ಪ್ರಭೇದಗಳಿದ್ದವು. ಅವುಗಳಲ್ಲಿ ಅಕಟಿನೆಲ್ಲಾ ಅಪೆಕ್ಸ್‌ಫುಲ್ವಾ ಎಂಬುದರ ಕೊನೆಯ ಜೀವ, ಜಾರ್ಜ್ ಎಂದು ಹೆಸರಿಟ್ಟು ಸಾಕಿದ್ದ ಹುಳು, 2019ರ ಜನವರಿ 1ರಂದು ಸತ್ತಿತು.

ಉಪ್ಪಿನ ಬಕೆಟ್ಟಿಗೆ ಅವತ್ತು ಹೋದದ್ದು ಪಪ್ಪಾಯಿಯ ದೈತ್ಯ ಮಾತ್ರ. ಕಪ್ಪು ಹುಳು ನಾವು ಮಾತಾಡುತ್ತಿರುವಾಗಲೇ ಕಲ್ಲಿನ ಅಡಿಗೆ ಜಾರಿಕೊಂಡಿತ್ತು. ಬಾಗಿಲಿನದನ್ನು ಕಟ್ಟಣೆಯ ಸಂದಿಯಲ್ಲೇ ವಾಪಸ್ ಇಟ್ಟು, ಕೊಡೆ ಹಿಡಿದು ಪಕ್ಕದಲ್ಲಿ ಕೂತೆ. ಕಾಲಿಗೆ ಎರಡು ಉಂಬಳ ಹತ್ತಿದವು. ಹತ್ತು ನಿಮಿಷವಾದ ಮೇಲೆ ಬಿಲ್ಲೆ ಕೂದಲೆಳೆಯಷ್ಟು ಸರಿಯಿತು, ಸಂದಿಯಿಂದ ಒಂದು ಜೊತೆ ಕೊಂಬು ಹೊರಬಂತು, ಆಮೇಲೆ ಮೂತಿ, ಆಮೇಲೆ ಪಾದ. ಬಾಗಿಲು ಅದರ ಬಾಲದ ಬೆನ್ನಿಗೇ ಅಂಟಿಕೊಂಡಿರುತ್ತದೆ. ಮನೆಯನ್ನು ಮೇಲೆ ಹೊತ್ತು, ಕದವನ್ನು ಹಿಂದೆ ಹೇರಿಕೊಂಡು, ಕೊಳೆತ ಹಲಸಿನೆಲೆಯೊಂದರ ಅಡಿಗೆ ನಿಧಾನಕ್ಕೆ ಹೊರಟಿತು.